ಡ್ರಮ್ಸ್ ಸದ್ದು ಎಲ್ಲಿಂದ ಸೋರುತ್ತಿದೆ? ಕಡಿಮೆ ಖರ್ಚಿನಲ್ಲಿ ಪತ್ತೆ ಹಚ್ಚಿ ಸರಿಪಡಿಸುವ ಬಗೆ

ಮನೆಯಲ್ಲಿ ಡ್ರಮ್ಸ್ ನುಡಿಸುವವರ ಬಾಗಿಲನ್ನು ಒಂದಲ್ಲ ಒಂದು ದಿನ ಯಾರಾದರೂ ತಟ್ಟುತ್ತಾರೆ. ಕೆಳಗಿನ ಮನೆಯವರೋ ಪಕ್ಕದ ಮನೆಯವರೋ ನಿಂತಿರುತ್ತಾರೆ. ಅವರ ಮುಖದಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು. ಮರುದಿನ ನಾವು ಫೋಮ್ ಹಾಳೆಗಳನ್ನು ತಂದು ಗೋಡೆಗೆ ಅಂಟಿಸಲು ತೊಡಗುತ್ತೇವೆ. ನಾನು ಮಾಡಿದ್ದೂ ಅದನ್ನೇ. ನಾಲ್ಕೂ ಗೋಡೆ ಮುಗಿಸಿದ ಸಂಜೆ ಕೋಣೆಯೊಳಗೆ ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಎಷ್ಟು ಚೊಕ್ಕವಾಗಿ ಕೇಳಿತೆಂದರೆ, ಇನ್ನು ತೊಂದರೆ ಇಲ್ಲ ಎಂದುಕೊಂಡೆ. ಕೆಳಗಿನ ಮನೆಯ ಅಜ್ಜಿ ಮಾತ್ರ, "ಇವತ್ತೂ ಹಾಗೇ ಇತ್ತಪ್ಪ, ಮಂಚ ಅದುರುತ್ತದೆ" ಎಂದರು.

ಅದುರುತ್ತದೆ. ರೋಗ ಯಾವುದೆಂದು ಆ ಒಂದು ಮಾತೇ ಹೇಳುತ್ತಿತ್ತು. ಅವರು ಮೊದಲ ದಿನವೂ ಅದನ್ನೇ ಹೇಳಿದ್ದರು, ನಾನು ಕಿವಿಗೊಟ್ಟಿರಲಿಲ್ಲ. ಅದುರುತ್ತಿದ್ದದ್ದು ನೆಲ, ನಾನು ಮದ್ದು ಹಚ್ಚಿದ್ದು ಗೋಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಹಾಗಾಗಿ ಈ ಬರಹದಲ್ಲಿ ಸಾಮಗ್ರಿಗಳ ಪಟ್ಟಿಗಿಂತ ಮೊದಲು ಪರೀಕ್ಷೆಗಳು ಬರುತ್ತವೆ. ಸದ್ದು ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದು ತಿಳಿಯುವ ತನಕ ದಯವಿಟ್ಟು ಏನನ್ನೂ ಕೊಳ್ಳಬೇಡಿ.

ದೂರಿನಲ್ಲಿರುವ ಪದವನ್ನು ಗಮನಿಸಿ

ಕೋಣೆಯಿಂದ ಸದ್ದು ಹೊರಬೀಳಲು ಮುಖ್ಯವಾಗಿ ಮೂರು ದಾರಿಗಳಿವೆ. ಬಾಗಿಲಿನ ಕೆಳಗಿನ ಸಂದು, ಕಿಟಕಿ ಚೌಕಟ್ಟಿನ ಬಿರುಕು, ಗಾಳಿಕಿಂಡಿಗಳ ಮೂಲಕ ಗಾಳಿಯ ಜೊತೆ ನೇರವಾಗಿ ಹೋಗುವುದು ಒಂದು. ಗೋಡೆಯನ್ನೇ ನಡುಗಿಸಿ, ಗೋಡೆಯ ಆಚೆ ಮುಖದಿಂದ ಮತ್ತೆ ಗಾಳಿಗೆ ಇಳಿಯುವುದು ಇನ್ನೊಂದು. ಪೆಡಲ್ ಮತ್ತು ಸ್ಟ್ಯಾಂಡ್‌ಗಳ ಕಾಲಿನಿಂದ ನೆಲಕ್ಕೆ ಇಳಿದು ಕಾಂಕ್ರೀಟು, ಕಂಬ, ಜಂತೆಗಳ ಮೂಲಕ ಕಟ್ಟಡದಲ್ಲೆಲ್ಲ ಹರಡುವುದು ಮೂರನೆಯದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಯಾರಾದರೂ ದೂರು ತಂದರೆ ಏನು ಕೇಳಿಸುತ್ತದೆ, ಮನೆಯ ಯಾವ ಮೂಲೆಯಲ್ಲಿ ಕೇಳಿಸುತ್ತದೆ ಎಂದು ವಿಚಾರಿಸಿ. "ಧಂ ಧಂ" ಎಂದರೆ, "ಎದೆಗೆ ಬಡಿದ ಹಾಗೆ" ಎಂದರೆ, "ಪಾತ್ರೆ ನಡುಗುತ್ತದೆ" ಎಂದರೆ ನೆಲದ ಮೇಲೆ ಅನುಮಾನಪಡಿ. "ಟಪ್ ಟಪ್ ಎಂದು ಕಿವಿಗೆ ಹೊಡೆಯುತ್ತದೆ", "ತಾಳದ ಸದ್ದು ಗಲಗಲ ಕೇಳುತ್ತದೆ" ಎಂದರೆ ಎಲ್ಲೋ ಸಂದು ಬಿಟ್ಟಿದೆ. "ಏನೋ ದೂರದಲ್ಲಿ ಗುಂಯ್ ಎನ್ನುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ" ಎಂದರೆ ಗೋಡೆಗೆ ತೂಕ ಸಾಲದು. ಸಾಧ್ಯವಾದರೆ ಅವರ ಅನುಮತಿ ಪಡೆದು ಅವರ ಮನೆಯಲ್ಲೇ ಕುಳಿತು, ನಿಮ್ಮ ಡ್ರಮ್ಸನ್ನು ಗೆಳೆಯರೊಬ್ಬರಿಂದ ನುಡಿಸಿ ಕೇಳಿ. ಒಂದು ನಿಮಿಷ ಬರೀ ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್), ಒಂದು ನಿಮಿಷ ಬರೀ ಸ್ನೇರ್, ಆಮೇಲೆ ಸಿಂಬಲ್ (ಲೋಹದ ತಟ್ಟೆ), ಕೊನೆಗೆ ಎಲ್ಲವೂ ಒಟ್ಟಿಗೆ. ಆ ನಾಲ್ಕು ನಿಮಿಷದಲ್ಲಿ ಕೇಳಿಸಿಕೊಂಡದ್ದು ಮುಂದಿನ ಎಷ್ಟೋ ಖರ್ಚನ್ನು ಉಳಿಸುತ್ತದೆ.

ಒಂದು ಸಂಜೆಯಲ್ಲಿ ಮುಗಿಯುವ ಎರಡು ಪರೀಕ್ಷೆಗಳು

ಮೊದಲನೆಯದು ಗಾಳಿಯ ದಾರಿಯ ಪರೀಕ್ಷೆ. ಒಂದು ಸ್ಟೂಲಿನ ಮೇಲೆ ದಪ್ಪ ದಿಂಬು, ದಿಂಬಿನ ಮೇಲೆ ಸ್ಪೀಕರ್ ಇಡಿ. ಅದರಲ್ಲಿ ಡ್ರಮ್ಸ್ ಧ್ವನಿಮುದ್ರಣವನ್ನು ಸಾಧ್ಯವಾದಷ್ಟು ಜೋರಾಗಿ ಹಾಕಿ, ಬಾಗಿಲು ಮುಚ್ಚಿ ಹೊರಗೆ ಹೋಗಿ. ದಿಂಬು ಅಡ್ಡವಿರುವುದರಿಂದ ನೆಲಕ್ಕೆ ಏಟು ಇಳಿಯುವುದಿಲ್ಲ. ಹೊರಗೆ ಕೇಳುವುದೆಲ್ಲ ಗಾಳಿ ಮತ್ತು ಗೋಡೆಯ ದಾರಿಯಲ್ಲಿ ಬಂದದ್ದು.

ಎರಡನೆಯದು ಇದಕ್ಕೆ ತದ್ವಿರುದ್ಧ. ಕಿಕ್ ಪೆಡಲನ್ನು ಡ್ರಮ್ಮಿನಿಂದ ಬಿಡಿಸಿ ಒಂದು ಹಲಗೆಗೆ ಬಿಗಿಯಿರಿ. ಬೀಟರ್ (ಪೆಡಲಿನ ಬಡಿಗೆ) ಬಡಿಯುವ ಕಡೆ ಮಡಿಚಿದ ದಿಂಬನ್ನು ಹಲಗೆಗೇ ಕಟ್ಟಿ. ನೆಲದ ಮೇಲಿಟ್ಟು, ಹಾಡು ನುಡಿಸುವಷ್ಟೇ ಬಲವಾಗಿ ತುಳಿಯಿರಿ. ಕೋಣೆಯೊಳಗೆ "ಪಫ್" ಎಂಬ ಮೆತ್ತನೆಯ ಸದ್ದಷ್ಟೇ ಇರುತ್ತದೆ. ಹಾಗಿದ್ದೂ ಕೆಳಗಿನ ಮನೆಯಲ್ಲಿ "ಧಂ" ಕೇಳಿದರೆ ಇನ್ನು ಅನುಮಾನ ಬೇಡ, ನೆಲವೇ ತಪ್ಪಿತಸ್ಥ. ಎಲೆಕ್ಟ್ರಾನಿಕ್ ಡ್ರಮ್ಸ್ ತಂದು ಹೆಡ್‌ಫೋನ್ ಹಾಕಿಕೊಂಡು ನುಡಿಸಿದ ಮೇಲೂ ಕೆಳಗಿನವರು ದೂರುವುದು ಇದೇ ಕಾರಣಕ್ಕೆ. ಸ್ಪೀಕರ್ ಇಲ್ಲದಿದ್ದರೂ ನಿಮ್ಮ ಕಾಲು ನೆಲವನ್ನು ಬಡಿಯುತ್ತಲೇ ಇರುತ್ತದೆ.

ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಇದ್ದರೆ ಬಳಸಿ, ಆದರೆ ಅದು ತೋರಿಸುವ ಅಂಕಿಯನ್ನು ಪೂರ್ತಿ ನೆಚ್ಚಬೇಡಿ. ನಂಬಬಹುದಾದದ್ದು ವ್ಯತ್ಯಾಸವನ್ನು ಮಾತ್ರ: ಅದೇ ಮೊಬೈಲ್, ಅದೇ ಜಾಗ, ಅದೇ ತಾಳ, ದುರಸ್ತಿಗೆ ಮೊದಲು ಎಷ್ಟು, ಆಮೇಲೆ ಎಷ್ಟು. ಆ್ಯಪಿನಲ್ಲಿ 'ಎ' ಮತ್ತು 'ಸಿ' ಎಂಬ ಎರಡು ಬಗೆಯ ಅಳತೆ ಇದ್ದರೆ 'ಸಿ' ಆರಿಸಿಕೊಳ್ಳಿ. 'ಎ' ಅಳತೆ ತಗ್ಗು ಸ್ವರಗಳನ್ನು ಬಹಳ ಕಡಿಮೆ ಮಾಡಿ ತೋರಿಸುವುದರಿಂದ ಕಿಕ್ ಡ್ರಮ್ಮಿನ ತೊಂದರೆ ಅದರಲ್ಲಿ ಅಡಗಿಹೋಗುತ್ತದೆ. ಡೆಸಿಬಲ್ ಲೆಕ್ಕದಲ್ಲಿ 10 ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಕೇಳುತ್ತದೆ. 2-3 ಇಳಿದದ್ದು ಪಕ್ಕದ ಮನೆಯವರಿಗೆ ತಿಳಿಯುವುದೇ ಕಷ್ಟ.

ಕೆಳಗೆ "ಧಂ ಧಂ" ಕೇಳುತ್ತದೆ, ಸಿಂಬಲ್ ಕೇಳುವುದಿಲ್ಲ

ದೋಷ ಇರುವುದು ನೆಲದಲ್ಲಿ. ಜಮಖಾನೆ ಹಾಸಿದರೆ ಸಾಲದು. ಬೀಟರ್ ಏಟಿನ ತಗ್ಗು ಕಂಪನಕ್ಕೆ ಜಮಖಾನೆ ಎಷ್ಟು ತೆಳುವೆಂದರೆ, ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಡ್ರಮ್ಸನ್ನೂ ನುಡಿಸುವವರನ್ನೂ ಒಟ್ಟಿಗೆ ಒಂದು ಭಾರವಾದ ಹಲಗೆಯ ಮೇಲೆ ಕೂರಿಸಿ, ಆ ಹಲಗೆಯನ್ನು ಸ್ಪ್ರಿಂಗಿನಂಥ ಮೆತ್ತನೆಯ ಆಧಾರದ ಮೇಲೆ ತೇಲಿಸಬೇಕು. ಬಹಳ ಮಂದಿ ಮಾಡಿ ಒಳ್ಳೆಯ ಫಲ ಕಂಡಿರುವ ಅಗ್ಗದ ವಿಧಾನವೆಂದರೆ ಟೆನಿಸ್ ಚೆಂಡಿನ ವೇದಿಕೆ.

ಸುಮಾರು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗ ಬೇಕು. ಕೆಳಗೆ ಒಂದು ಪದರ ಪ್ಲೈವುಡ್, ಅದರಲ್ಲಿ 30 ಸೆಂಟಿಮೀಟರಿಗೆ ಒಂದರಂತೆ ರಂಧ್ರಗಳು. ಟೆನಿಸ್ ಚೆಂಡಿನ ವ್ಯಾಸ ಸುಮಾರು 6.7 ಸೆಂಟಿಮೀಟರ್. ರಂಧ್ರ 5 ಸೆಂಟಿಮೀಟರ್ ಇದ್ದರೆ ಚೆಂಡು ಉರುಳದೆ ಅದರಲ್ಲಿ ಕುಳಿತುಕೊಳ್ಳುತ್ತದೆ. ಮೇಲೆ 18 ಮಿಲಿಮೀಟರ್ ದಪ್ಪದ ಎರಡು ಪದರ ಪ್ಲೈವುಡ್ ಅನ್ನು ಒಂದಕ್ಕೊಂದು ಜೋಡಿಸಿ, ಕೀಲುಗಳು ಒಂದರ ಮೇಲೊಂದು ಬಾರದಂತೆ ಹೊಂದಿಸಿ ಸ್ಕ್ರೂ ಹಾಕಿ. ಈ ಅಳತೆಗೆ 35ರಷ್ಟು ಚೆಂಡುಗಳು ಬೇಕಾಗುತ್ತವೆ. ಹಲಗೆ, ಡ್ರಮ್ಸ್, ನುಡಿಸುವವರು ಎಲ್ಲ ಸೇರಿ 180 ಕಿಲೋ ಎಂದುಕೊಂಡರೆ ಒಂದೊಂದು ಚೆಂಡಿನ ಮೇಲೆ 5 ಕಿಲೋದಷ್ಟು ಭಾರ ಬೀಳುತ್ತದೆ. ಬಳಸಿ ಬಿಟ್ಟ ಹಳೆಯ ಚೆಂಡುಗಳು ಸಾಕು, ಆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಗುವಿನವಾಗಿರಲಿ.

ವೇದಿಕೆ ಕಟ್ಟಿಯೂ ಫಲ ಕಾಣದವರು ಇದ್ದಾರೆ. ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದು. ಭಾರಕ್ಕೆ ತಕ್ಕಷ್ಟು ಚೆಂಡು ಇಲ್ಲದೆ ಅವು ಪೂರ್ತಿ ಚಪ್ಪಟೆಯಾಗಿರುತ್ತವೆ, ಆಗ ಸ್ಪ್ರಿಂಗ್ ಎಂಬುದೇ ಉಳಿಯುವುದಿಲ್ಲ. ಇಲ್ಲವೇ ಅಗತ್ಯಕ್ಕಿಂತ ಹೆಚ್ಚು ಚೆಂಡು ತುಂಬಿ, ಅವು ಕುಗ್ಗುವುದೇ ಇಲ್ಲ. ಭಾರ ಬಿದ್ದಾಗ ಆಧಾರವು 5 ಮಿಲಿಮೀಟರ್ ಕುಗ್ಗಿದರೆ ವೇದಿಕೆಯ ಸ್ವಂತ ಕಂಪನ, ಲೆಕ್ಕದ ಪ್ರಕಾರ, ಸೆಕೆಂಡಿಗೆ 7 ಸಲದ ಆಸುಪಾಸಿನಲ್ಲಿರುತ್ತದೆ. ರಬ್ಬರ್ ಏಟಿಗೆ ಕೊಂಚ ಬಿರುಸಾಗುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಮೇಲೆ. ಸ್ವಂತ ಕಂಪನದ 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನಷ್ಟೇ ಇಂಥ ವೇದಿಕೆ ತಡೆಯಬಲ್ಲದು. ಕಿಕ್ ಡ್ರಮ್ಮಿನ ಬಲ 50-60 ಹರ್ಟ್ಜ್ (ಅಂದರೆ ಸೆಕೆಂಡಿಗೆ 50-60 ಕಂಪನ) ಸುತ್ತ ಇರುವುದರಿಂದ ಬೇಕಾದಷ್ಟು ಅಂತರ ಸಿಗುತ್ತದೆ. ಬರೀ ತೆಳು ರಬ್ಬರ್ ಹಾಳೆ ಹಾಸಿದರೆ ಅದು ಕೂದಲೆಳೆಯಷ್ಟೂ ಕುಗ್ಗುವುದಿಲ್ಲ, ಹಾಗಾಗಿ ಕೆಲಸಕ್ಕೂ ಬಾರದು.

ಇನ್ನೊಂದು ಕಾರಣ ಬಲು ಸಣ್ಣದು. ನನ್ನ ವೇದಿಕೆ ಮೊದಲ ದಿನ ಅರ್ಧದಷ್ಟೇ ಕೆಲಸ ಮಾಡಿತು. ಕೈಯಲ್ಲಿ ಟಾರ್ಚ್ ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ ಸುತ್ತಲೂ ನೋಡಿದೆ. ಹಿಂಬದಿಯ ಒಂದು ಮೂಲೆ ಗೋಡೆಯ ಬುಡದ ಅಂಚುಪಟ್ಟಿಗೆ ತಾಗಿತ್ತು. ಒಂದು ಬೆರಳಿನಷ್ಟೂ ಅಗಲವಿಲ್ಲದ ಜಾಗ. ವೇದಿಕೆಯನ್ನು ಒಂದು ಅಂಗೈ ಅಗಲ ಈಚೆಗೆ ಎಳೆದೆ. ಗೋಡೆಗೆ ಅಂಗೈ ಒತ್ತಿ ಹಿಡಿದು ಗೆಳೆಯನಿಗೆ ಕಿಕ್ ತುಳಿಯಲು ಹೇಳಿದೆ. ಅಲ್ಲಿಯವರೆಗೆ ಕೈಗೆ ತಾಗುತ್ತಿದ್ದ ಮಿಡಿತ ಹೆಚ್ಚುಕಡಿಮೆ ನಿಂತೇಹೋಗಿತ್ತು. ತೇಲುವ ವೇದಿಕೆ ಗಟ್ಟಿಯಾದ ಯಾವುದಕ್ಕೂ ತಾಗಬಾರದು. ಸ್ಟೂಲು, ಸಿಂಬಲ್ ಸ್ಟ್ಯಾಂಡ್, ನಿಮ್ಮ ಕಾಲು ಎಲ್ಲವೂ ಅದರ ಮೇಲೆಯೇ ಇರಬೇಕು.

ಮರದ ಜಂತೆಯ ಹಳೆಯ ನೆಲವಾದರೆ ಇಷ್ಟು ಭಾರ ಹೇರುವ ಮೊದಲು ತಿಳಿದವರಿಗೆ ಒಮ್ಮೆ ತೋರಿಸಿ.

ಸ್ನೇರ್ ಏಟು ಬಾಗಿಲ ಹೊರಗೆ ಸ್ಪಷ್ಟವಾಗಿ ಕೇಳುತ್ತದೆ

ನೀರು ತಗ್ಗನ್ನು ಹುಡುಕಿಕೊಂಡು ಹರಿಯುವ ಹಾಗೆ ಸದ್ದು ಸಂದನ್ನು ಹುಡುಕುತ್ತದೆ. 90 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲಿನ ಕೆಳಗೆ ಒಂದೇ ಒಂದು ಸೆಂಟಿಮೀಟರ್ ಸಂದು ಇದೆ ಎಂದುಕೊಳ್ಳಿ. ಅದು ಬಾಗಿಲಿನ ಒಟ್ಟು ವಿಸ್ತೀರ್ಣದ ಬರೀ ಅರ್ಧ ಶೇಕಡಾ. ಅಷ್ಟು ಸಂದಿದ್ದರೆ ಕದ ಎಷ್ಟೇ ದಪ್ಪವಿರಲಿ, ಉಕ್ಕಿನದೇ ಆಗಿರಲಿ, ಅದು ತಡೆಯುವುದು ಹೆಚ್ಚೆಂದರೆ 23 ಡೆಸಿಬಲ್. ಸಂದು ಶೇಕಡಾ ಒಂದಾದರೆ 20 ಡೆಸಿಬಲ್‌ಗೆ ಮಿತಿ. ಕದ ಬದಲಾಯಿಸುವ ಮೊದಲು ಸಂದು ಮುಚ್ಚಿ ಎನ್ನುವುದು ಈ ಲೆಕ್ಕಕ್ಕಾಗಿ.

ಪತ್ತೆ ಹಚ್ಚುವುದು ಸುಲಭ. ರಾತ್ರಿ ಕೋಣೆಯೊಳಗೆ ಪ್ರಖರವಾದ ದೀಪ ಹಚ್ಚಿ, ಹೊರಗೆ ಕತ್ತಲು ಮಾಡಿ, ಕದ ಮುಚ್ಚಿ ಹೊರಗೆ ನಿಲ್ಲಿ. ಹೊಸ್ತಿಲ ಮೇಲೆ ಗೆರೆ ಎಳೆದಂತೆ ಬೆಳಕು, ಕೀಲಿ ರಂಧ್ರದಲ್ಲಿ ಒಂದು ಚುಕ್ಕಿ, ಬಿಜಾಗರಿಯ ಬದಿಯಲ್ಲಿ ಕೂದಲಿನಂಥ ಎಳೆ ಕಂಡರೆ, ಬೆಳಕು ಬಂದಲ್ಲೆಲ್ಲ ಸದ್ದೂ ಬರುತ್ತಿದೆ ಎಂದು ತಿಳಿಯಿರಿ. ಬೆಳಕು ಕಾಣದ ಡೊಂಕು ಸಂದುಗಳಿಗೆ ಕಿವಿಯೇ ಬೇಕು. ಒಳಗೆ ಸ್ಪೀಕರ್ ಹಾಕಿ, ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ಕಿವಿ ಮುಚ್ಚಿಕೊಂಡು, ಚೌಕಟ್ಟಿನ ಉದ್ದಕ್ಕೂ ಮೆಲ್ಲನೆ ಸರಿಯಿರಿ. ಸೋರಿಕೆ ಇರುವ ಕಡೆ ಸದ್ದು ಥಟ್ಟನೆ ಚುರುಕಾಗುತ್ತದೆ. ವಿದ್ಯುತ್ ಪೆಟ್ಟಿಗೆಗಳನ್ನೂ ಹೀಗೆಯೇ ಪರೀಕ್ಷಿಸಿ. ಎರಡು ಕೋಣೆಗಳ ಸ್ವಿಚ್ ಪೆಟ್ಟಿಗೆಗಳನ್ನು ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದರೆ ಅಲ್ಲಿ ಗೋಡೆಯೇ ಇಲ್ಲದಂತೆ.

ಗೋಡೆಗೂ ಚೌಕಟ್ಟಿಗೂ ನಡುವಿನ ಅಲುಗಾಡದ ಬಿರುಕುಗಳಿಗೆ ಒಣಗಿದ ಮೇಲೂ ಮೆತ್ತಗೆ ಉಳಿಯುವ ಸೀಲೆಂಟ್ ತುಂಬಿ. ಗಾರೆ, ಪುಟ್ಟಿ ತುಂಬಿದರೆ ಕೆಲವೇ ತಿಂಗಳಲ್ಲಿ ಮತ್ತೆ ಬಿರಿಯುತ್ತದೆ. ತೆರೆದು ಮುಚ್ಚುವ ಅಂಚುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ಅಂಟಿಸಿದ ಮೇಲೆ ಕಾಗದದ ಚೂರೊಂದನ್ನು ಅಡ್ಡ ಇಟ್ಟು ಕದ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಪಟ್ಟಿ ಅಲ್ಲಿ ತಾಗುತ್ತಿಲ್ಲ. ಬಿಗಿಯಾಗಿ ಹಿಡಿದರೆ ಸರಿ. ಬಾಗಿಲಿನ ಕೆಳಗೆ ಹೊಸ್ತಿಲಿಗೆ ಒತ್ತುವ ರಬ್ಬರ್ ಪಟ್ಟಿಯೇ ಬೇಕು. ಕುಂಚದಂಥ ಎಳೆಗಳ ಪಟ್ಟಿ ಧೂಳನ್ನು ತಡೆಯುತ್ತದೆ, ಸದ್ದನ್ನಲ್ಲ. ಇಷ್ಟೆಲ್ಲ ಆದ ಮೇಲೂ ಕದ ಟೊಳ್ಳಿದ್ದರೆ, ಬೆರಳಿನಿಂದ ತಟ್ಟಿದಾಗ ಡಬ್ಬದಂತೆ ಕೇಳಿದರೆ, ಅದರ ಮೇಲೆ ಒಂದು ಹಾಳೆ ದಪ್ಪ ಪ್ಲೈವುಡ್ ಹೊಡೆದು ತೂಕ ಹೆಚ್ಚಿಸಿ. ಬಿಜಾಗರಿ ಆ ಭಾರ ತಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಕಿಟಕಿಗೆ ಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ. ಕಿಟಕಿಯ ಗೂಡಿನ ಅಳತೆಗೆ ಸರಿಯಾಗಿ ದಪ್ಪ ಹಲಗೆ ಕತ್ತರಿಸಿ, ಅಂಚಿಗೆ ಸುತ್ತಲೂ ಮೆತ್ತನೆಯ ಪಟ್ಟಿ ಅಂಟಿಸಿ, ಎರಡು ಹಿಡಿಕೆ ಹಾಕಿ, ನುಡಿಸುವಾಗ ಬಿರಡೆಯಂತೆ ಒತ್ತಿ ಕೂರಿಸಿ. ಮುಗಿದ ಮೇಲೆ ತೆಗೆದಿಟ್ಟರೆ ಬೆಳಕೂ ಉಳಿಯಿತು. ಆದರೆ ತುರ್ತಿನಲ್ಲಿ ಹೊರಹೋಗಲು ಇರುವ ಕಿಟಕಿ ಅದೊಂದೇ ಆಗಿದ್ದರೆ, ಹಲಗೆಯನ್ನು ಒಳಗಿನಿಂದ ಒಂದೇ ಎಳೆತಕ್ಕೆ ಬಿಡಿಸುವಂತಿರಬೇಕು.

ಫೋಮ್ ಅಂಟಿಸಿದರೂ ಹೊರಗೆ ಏನೂ ಬದಲಾಗಲಿಲ್ಲ

ಬದಲಾಗುವುದೂ ಇಲ್ಲ. ಫೋಮ್ ಆಗಲಿ, ಮೊಟ್ಟೆಯ ಟ್ರೇ ಆಗಲಿ, ಸದ್ದನ್ನು ತಡೆಯುವ ವಸ್ತುಗಳೇ ಅಲ್ಲ. ಗೋಡೆಗೆ ಬಡಿದು ಕೋಣೆಯೊಳಗೇ ಮರಳುವ ಪ್ರತಿಧ್ವನಿಯನ್ನು ಫೋಮ್ ಹೀರುತ್ತದೆ, ಅದೂ ಮೇಲಿನ ಸ್ವರಗಳನ್ನು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸಬೀನ್ ಅವರಿಗೆ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ಬಂತು. ಅಲ್ಲಿ ಆಡಿದ ಮಾತು ಐದಾರು ಸೆಕೆಂಡು ಮೊಳಗುತ್ತಲೇ ಇತ್ತು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಎಷ್ಟು ಮೆತ್ತೆ ಇಟ್ಟರೆ ಮೊಳಗು ಎಷ್ಟು ಕುಗ್ಗುತ್ತದೆ ಎಂದು ಅಳೆದರು. ಕೊಠಡಿ ಧ್ವನಿವಿಜ್ಞಾನದ ಬುನಾದಿ ಅದು. ಆ ಮೆತ್ತೆಗಳು ಕೇಳುಗರಿಗೆ ಮಾತನ್ನು ಸ್ಪಷ್ಟ ಮಾಡಿದವು, ಪಕ್ಕದ ಕೊಠಡಿಗೆ ಹೋಗುವ ಸದ್ದನ್ನು ತಡೆಯಲು ಬಂದವಲ್ಲ. ನಿಮ್ಮ ಫೋಮಿನ ಕೆಲಸವೂ ಅಷ್ಟೇ.

ಹಾಗೆಂದು ಹೀರುವ ವಸ್ತು ನಿರುಪಯೋಗಿಯಲ್ಲ. ಸಂದುಗಳನ್ನೆಲ್ಲ ಮುಚ್ಚಿದ ಸಣ್ಣ ಕೋಣೆಯಲ್ಲಿ ಡ್ರಮ್ಸ್ ಕಿವಿಗೆ ಮೊದಲಿಗಿಂತ ಜೋರಾಗಿ ಬಡಿಯುತ್ತದೆ. ದಪ್ಪ ಕೌದಿ, ಹಳೆಯ ಹಾಸಿಗೆ, ಬಟ್ಟೆ ಹೊದಿಸಿದ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ಅದನ್ನು ಪಳಗಿಸುತ್ತವೆ. ದುಬಾರಿ ಫೋಮಿಗಿಂತ ಕೌದಿಯೇ ಮೇಲು ಎಂಬುದು ನನ್ನ ಅನುಭವ. ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದರೆ ಇನ್ನೂ ತಗ್ಗಿನ ಸ್ವರಗಳನ್ನು ಹೀರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಂಕಿ ತಡೆಯುವ ಗುಣವಿಲ್ಲದ ಅಗ್ಗದ ಪಾಲಿಯುರೇಥೇನ್ ಫೋಮನ್ನು ಯಾವ ಕಾರಣಕ್ಕೂ ಗೋಡೆಗೆ ಅಂಟಿಸಬೇಡಿ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನಲ್ಲಿ ಸ್ಟೇಷನ್ ನೈಟ್‌ಕ್ಲಬ್ಬಿನ ವೇದಿಕೆಯ ಗೋಡೆಗೆ ಸದ್ದು ತಗ್ಗಿಸಲೆಂದು ಅಂಟಿಸಿದ್ದ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿ 100 ಮಂದಿ ಸತ್ತರು. 2013ರ ಜನವರಿ 27ರಂದು ಬ್ರೆಜಿಲ್‌ನ ಸಾಂತಾ ಮಾರಿಯಾದ ಕ್ಲಬ್ಬಿನಲ್ಲಿ ಇದೇ ಬಗೆಯ ಬೆಂಕಿಗೆ 242 ಮಂದಿ ಬಲಿಯಾದರು. ಸಣ್ಣ ಕೋಣೆಯಲ್ಲಿ ಒಂದು ಹಳೆಯ ವಿದ್ಯುತ್ ತಂತಿಯ ಕಿಡಿ ಸಾಕು. ಮೊಟ್ಟೆಯ ಟ್ರೇ ಕೂಡ ಒಣ ರಟ್ಟು ಎಂಬುದು ನೆನಪಿರಲಿ.

ಸಂದು ಮುಚ್ಚಿದ ಮೇಲೂ ಗೋಡೆಯಾಚೆ ಗುಂಯ್‌ಗುಡುತ್ತದೆ

ಈ ಹಂತಕ್ಕೆ ಬಂದಿದ್ದರೆ ಅಗ್ಗದ ಉಪಾಯಗಳು ಹೆಚ್ಚುಕಡಿಮೆ ಮುಗಿದವು ಎಂದು ನೇರವಾಗಿ ಹೇಳುತ್ತೇನೆ. 60 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ ಐದೂಮುಕ್ಕಾಲು ಮೀಟರ್, ಬಹುತೇಕ ಕೋಣೆಗಳಿಗಿಂತ ದೊಡ್ಡದು. ಅದನ್ನು ತಡೆಯುವುದು ತೂಕ ಮಾತ್ರ. ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೆ ಸಿಗುವ ಲಾಭ ಸುಮಾರು 6 ಡೆಸಿಬಲ್. ಇಟ್ಟಿಗೆ ಗೋಡೆಯ ತೂಕ ಇಮ್ಮಡಿ ಮಾಡುವುದು ಬಾಡಿಗೆ ಮನೆಯಲ್ಲಿ ಆಗದ ಮಾತು. ಹಗುರ ಬೋರ್ಡಿನ ಗೋಡೆಯಾದರೆ ಮೇಲೆ ಇನ್ನೊಂದು ಜಿಪ್ಸಮ್ ಬೋರ್ಡ್ ಹಾಕಿ, ನಡುವೆ ಒಣಗದೆ ಅಂಟಂಟಾಗಿಯೇ ಉಳಿಯುವ ಕಂಪನ ತಗ್ಗಿಸುವ ಅಂಟನ್ನು ಹಚ್ಚಿದರೆ ಗುರುತಿಸುವಷ್ಟು ವ್ಯತ್ಯಾಸ ಬರುತ್ತದೆ.

ಕೆಲವೊಮ್ಮೆ ಪದರ ಸೇರಿಸಿದ ಮೇಲೆ ಕಿಕ್ ಸದ್ದು ಇನ್ನೂ ಹೆಚ್ಚಾಗುತ್ತದೆ. ಗೋಡೆಯಿಂದ ಎರಡೇ ಬೆರಳು ಬಿಟ್ಟು ತೆಳು ಬೋರ್ಡ್ ನಿಲ್ಲಿಸಿದಾಗ ನಡುವಿನ ಗಾಳಿ ಸ್ಪ್ರಿಂಗಿನಂತಾಗಿ, ತಗ್ಗು ಸ್ವರಕ್ಕೆ ಇಡೀ ರಚನೆಯೇ ಅನುರಣಿಸುತ್ತದೆ. ಅಂಥದ್ದಾದರೆ ಬೋರ್ಡನ್ನು ಗೋಡೆಗೇ ಒತ್ತಿ ಕೂರಿಸಿ, ಇಲ್ಲವೇ ನಡುವಿನ ಜಾಗವನ್ನು ಒಂದು ಗೇಣಿನಷ್ಟು ದೊಡ್ಡದು ಮಾಡಿ ರಾಕ್‌ವೂಲ್ ತುಂಬಿ.

ಕೋಣೆಯೊಳಗೆ ಉಸಿರು ಕಟ್ಟುತ್ತದೆ

ಇದು ದುರಸ್ತಿ ಚೆನ್ನಾಗಿ ಆಗಿದೆ ಎಂಬುದರ ಗುರುತು, ಆದರೆ ಹಾಗೇ ಬಿಡಬಾರದು. ಗಾಳಿ ಬಾರದ ಕೋಣೆಯಲ್ಲಿ ಬೆವರು ಹರಿಸಿ ನುಡಿಸುವುದು ಅಪಾಯ. ಗಾಳಿಕಿಂಡಿಗೆ ಮರದ ಪೆಟ್ಟಿಗೆಯೊಂದನ್ನು ಜೋಡಿಸಿ, ಒಳಗೆ ಅಡ್ಡ ಹಲಗೆಗಳಿಂದ ಗಾಳಿ ಹಾವಿನಂತೆ ಸುತ್ತಿ ಹೋಗುವ ದಾರಿ ಮಾಡಿ, ಒಳಗೋಡೆಗಳಿಗೆ ರಾಕ್‌ವೂಲ್ ಹೊದಿಸಿ. ಗಾಳಿ ತಿರುವುಗಳನ್ನು ದಾಟಿ ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಸೊರಗುತ್ತದೆ. ಒಳಬರಲು ಒಂದು, ಹೊರಹೋಗಲು ಒಂದು, ಹೀಗೆ ಎರಡು ಪೆಟ್ಟಿಗೆ ಬೇಕು. ಹೊರಹೋಗುವ ಕಡೆ ಸಣ್ಣ ಫ್ಯಾನ್ ಇರಲಿ.

ಸದ್ದು ಹುಟ್ಟುವಲ್ಲೇ ತಗ್ಗಿಸುವುದು

ಎಲ್ಲಕ್ಕಿಂತ ಅಗ್ಗದ ಡೆಸಿಬಲ್ ಸಿಗುವುದು ಇಲ್ಲಿ. ಅಭ್ಯಾಸದ ಹೊತ್ತಿಗೆ ಕಿಕ್ ಡ್ರಮ್ಮಿನೊಳಗೆ ಎರಡೂ ಚರ್ಮಕ್ಕೆ ತಾಗುವಂತೆ ದಿಂಬು, ಸ್ನೇರ್ ಮತ್ತು ಟಾಮ್ ಎಂಬ ಉಳಿದ ಡ್ರಮ್‌ಗಳ ಮೇಲೆ ರಬ್ಬರ್ ಮ್ಯೂಟ್ ಪ್ಯಾಡ್ ಅಥವಾ ತೆಳು ಟವೆಲ್, ಸಿಂಬಲ್ ಅಂಚಿಗೆ ಬಟ್ಟೆಯ ಪಟ್ಟಿ. ಡ್ರಮ್‌ಗಳಿಗೆ ಚರ್ಮದ ಬದಲು ಜಾಲರಿ ಹೊದಿಕೆ ಮತ್ತು ರಂಧ್ರಗಳಿರುವ ಕಡಿಮೆ ಸದ್ದಿನ ಸಿಂಬಲ್ ಹಾಕಿದರೆ, ಗೋಡೆಗೆ ಏನೂ ಮಾಡದೆಯೇ, ಪಕ್ಕದ ಮನೆಗೆ ಕೇಳುವುದು ಗಣನೀಯವಾಗಿ ಇಳಿಯುತ್ತದೆ. ಕೈಗೆ ಸಿಗುವ ಸ್ಪರ್ಶ ಬದಲಾಗುತ್ತದೆ, ನಿಜ. ನಾನು ವಾರದಲ್ಲಿ ಐದು ದಿನ ಹೀಗೆ ಅಭ್ಯಾಸ ಮಾಡಿ, ಎರಡು ದಿನ, ನೆರೆಯವರೊಡನೆ ಮಾತಾಡಿಕೊಂಡ ಹೊತ್ತಿನಲ್ಲಿ, ಪೂರ್ತಿ ಸದ್ದಿನಲ್ಲಿ ನುಡಿಸುತ್ತೇನೆ.

ಕಿವಿಯಲ್ಲಿ ಗುಯ್‌ಗುಡುವಿಕೆ ಇದ್ದರೆ ಅದೂ ಒಂದು ದೋಷದ ಲಕ್ಷಣವೇ. ಡ್ರಮ್ಸ್ ನುಡಿಸುವವರ ಕಿವಿಯ ಬಳಿ ಸದ್ದು ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಮಿತಿಯಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ ಉಳಿಯುವುದು 15 ನಿಮಿಷ. ಇಯರ್‌ಪ್ಲಗ್ ಇಲ್ಲದೆ ಕೂರಬೇಡಿ.

ಮೂರು-ನಾಲ್ಕು ತಿಂಗಳ ನಂತರ ಸೋರಿಕೆ ಮತ್ತೆ ಶುರುವಾದರೆ ಹೊಸದೇನನ್ನೂ ಹುಡುಕುವ ಮೊದಲು ಹಳೆಯದನ್ನೇ ನೋಡಿ. ಬಾಗಿಲಿನ ಪಟ್ಟಿ ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ, ಕಾಗದದ ಚೂರು ಸಲೀಸಾಗಿ ಜಾರುತ್ತದೆ. ವೇದಿಕೆಯ ಕೆಳಗೆ ಕೆಲವು ಚೆಂಡುಗಳು ಗಾಳಿ ಕಳೆದುಕೊಂಡು, ಒಂದು ಮೂಲೆ ತಗ್ಗಿ ಗೋಡೆಯ ಅಂಚಿಗೆ ಮತ್ತೆ ತಾಗಿರುತ್ತದೆ. ಮೆತ್ತಗಾದ ಚೆಂಡುಗಳನ್ನು ಬದಲಾಯಿಸಿ, ಪಟ್ಟಿಯನ್ನು ಕಿತ್ತು ಹೊಸದು ಅಂಟಿಸಿ, ಮೊದಲ ದಿನ ನುಡಿಸಿದ ಅದೇ ತಾಳವನ್ನು ನುಡಿಸಿ, ಕೆಳಗಿನ ಮನೆಗೆ ಇಳಿದು ಇನ್ನೊಮ್ಮೆ ಕೇಳಿಸಿಕೊಂಡು ಬನ್ನಿ.